ಕೊನೆಯ ಪುಟದಲ್ಲಿದ್ದ ಮುಂಡಾಜೆಯ ಜೀಪು

ನಾನು ಕೆಲಸದಿಂದ ನಿವೃತ್ತಳಾಗಿ ಹನ್ನೊಂದು ತಿಂಗಳಾಯಿತು. ಬಂಟ್ವಾಳದ ಬಿ.ಸಿ. ರೋಡಿನ ಒಂದು ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಕುಳಿತು ಇಪ್ಪತ್ತೊಂಬತ್ತು ವರ್ಷ ಸಾಫ್ಟ್‌ವೇರ್ ಬರೆದವಳು ನಾನು. ಮೊನ್ನೆ ಮೂಡಬಿದಿರೆಯ ಕಾಲೇಜೊಂದರವರು ಕರೆದು, "ಸುಜಾತ ಮೇಡಂ, ನಮ್ಮ ಮಕ್ಕಳಿಗೆ ನಿಮ್ಮ ಅನುಭವದ ನಾಲ್ಕು ಮಾತು ಹೇಳ್ಬೇಕು" ಎಂದರು. ವೇದಿಕೆ ಹತ್ತಿ, "ಈ ಕೆಲಸದಲ್ಲಿ ನನಗೆ ಸುಮಾರು ವಿಷಯ ಇವತ್ತಿಗೂ ಅರ್ಥವಾಗಿಲ್ಲ" ಎಂದು ಶುರುಮಾಡಿದೆ. ಮಕ್ಕಳೆಲ್ಲ ನಕ್ಕರು, ಇದು ದೊಡ್ಡವರ ವಿನಯ ಅಂದುಕೊಂಡು. ನನಗೆ ಗಾಬರಿಯಾಯಿತು. ಕಷ್ಟಪಟ್ಟು ದುಡಿಯಿರಿ, ದಿನಾ ಏನಾದರೂ ಹೊಸತು ಕಲಿಯಿರಿ ಎಂದು ಯಾರು ಬೇಕಾದರೂ ಹೇಳಬಹುದಾದದ್ದನ್ನು ಹೇಳಿ, ಕೊಟ್ಟ ಹೂಗುಚ್ಛ ಹಿಡಿದುಕೊಂಡು ಕೆಳಗಿಳಿದೆ. ಅವತ್ತು ಹೇಳಲು ಹೊರಟದ್ದು ಬೇರೆಯೇ ಇತ್ತು. ಅದನ್ನು ಇಲ್ಲಿ ಬರೆಯುತ್ತೇನೆ.

ನಮ್ಮದು ಆರು ಜನರ ಕಂಪೆನಿ. ಯಜಮಾನರು ಹಮೀದ್ ಸಾಹೇಬರು. ಗಲ್ಫಿನಲ್ಲಿ ಹದಿನಾಲ್ಕು ವರ್ಷ ಇದ್ದು, ಅಲ್ಲಿಯ ದೊಡ್ಡ ಕಂಪೆನಿಗಳ ಕಡತಗಳನ್ನು ನೋಡಿ ನೋಡಿ, ಊರಿನಲ್ಲಿಯೂ ಹಾಗೆಯೇ ಒಂದು ಮಾಡಬೇಕೆಂದು ಬಂದವರು. ಶಾಲೆಗಳಿಗೆ, ಆಸ್ಪತ್ರೆಗಳಿಗೆ, ಸೊಸೈಟಿಗಳಿಗೆ ಬೇಕಾದ ಸಾಫ್ಟ್‌ವೇರ್ ನಾವು ಮಾಡಿಕೊಡುತ್ತಿದ್ದೆವು. ನಾನು ದಿನಾ ಶಿರ್ತಾಡಿಯಿಂದ ಮೂಡಬಿದಿರೆಗೆ ಒಂದು ಬಸ್ಸು, ಅಲ್ಲಿಂದ ಸಿದ್ಧಕಟ್ಟೆಯ ದಾರಿಯಾಗಿ ಇನ್ನೊಂದು ಬಸ್ಸು ಹಿಡಿದು ಬರುತ್ತಿದ್ದೆ. ನನ್ನ ಹುದ್ದೆಯ ಹೆಸರು ಆಗಾಗ ಬದಲಾಗುತ್ತಿತ್ತು. ಕುರ್ಚಿ ಮಾತ್ರ ಅದೇ.

ಮೊದಮೊದಲು ನಮ್ಮಲ್ಲಿದ್ದದ್ದು ಎರಡು ದಪ್ಪ ಪುಸ್ತಕ. ಯಾವ ಸಂಶಯ ಬಂದರೂ ಅದನ್ನೇ ತೆಗೆಯಬೇಕು, ಅದರಲ್ಲಿ ಇಲ್ಲದಿದ್ದರೆ ಉತ್ತರವೇ ಇಲ್ಲ. ಒಮ್ಮೆ ಒಂದು ತಪ್ಪು ಹುಡುಕಲು ನನಗೆ ಒಂಬತ್ತು ದಿನ ಹಿಡಿಯಿತು. ಆಮೇಲೆ ಇಂಟರ್ನೆಟ್ ಬಂತು, ಅದರ ಹಿಂದೆ ಫೋರಂಗಳು ಬಂದವು. ಲೋಕದ ಎಲ್ಲಿಂದಲೋ ಒಬ್ಬರು ಪ್ರಶ್ನೆ ಹಾಕುವುದು, ಇನ್ನೆಲ್ಲಿಂದಲೋ ಇನ್ನೊಬ್ಬರು ಉತ್ತರ ಬರೆಯುವುದು. ಉತ್ತರ ಹಿಡಿಸಿದವರು ಮತ ಹಾಕುತ್ತಾರೆ, ಮತ ಹೆಚ್ಚು ಬಿದ್ದದ್ದು ಮೇಲೆ ನಿಲ್ಲುತ್ತದೆ. ನನಗಿದು ಪವಾಡದ ಹಾಗೆ ಕಂಡಿತು. ಸ್ವಂತ ಹೆಸರು ಹಾಕಲು ಹೆದರಿಕೆಯಾಗಿ 'ಶಿರ್ತಾಡಿ' ಎಂದು ಊರಿನ ಹೆಸರಿನಲ್ಲಿ ಸೇರಿಕೊಂಡೆ.

ನನ್ನ ಮೊದಲ ಪ್ರಶ್ನೆ ಏಳು ನಿಮಿಷ ಬದುಕಿತ್ತು. 'ಇದನ್ನು ಮೊದಲೇ ಕೇಳಲಾಗಿದೆ' ಎಂದು ಯಾರೋ ಬಾಗಿಲು ಹಾಕಿಬಿಟ್ಟರು. ಎರಡನೆಯದಕ್ಕೆ, 'ಕೇಳುವ ಮೊದಲು ಸ್ವಲ್ಪ ಓದಿ' ಎಂದು ಒಬ್ಬರು ಗದರಿದರು. ಮೂರು ತಿಂಗಳು ನಾನು ಅಲ್ಲಿ ಉಸಿರೆತ್ತಲಿಲ್ಲ. ಬರೇ ಓದುತ್ತಾ ಕುಳಿತಾಗ ಒಂದು ಸಂಗತಿ ಗಮನಕ್ಕೆ ಬಂತು. ಕೆಲವರ ಉತ್ತರದ ಕೊನೆಯಲ್ಲಿ ಯಾವುದೋ ವಿಶ್ವವಿದ್ಯಾಲಯದ ಸಂಶೋಧನಾ ಪ್ರಬಂಧದ ಕೊಂಡಿ ಇರುತ್ತಿತ್ತು. ಅದು ಇದ್ದರೆ ಯಾರೂ ಗದರುತ್ತಿರಲಿಲ್ಲ. ಅದನ್ನು ತೆರೆದು ನೋಡಿದವರು ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ. ಮದುವೆ ಕಾಗದದ ತಲೆಯ ಮೇಲೆ ಗಣಪತಿಯ ಚಿತ್ರ ಹಾಕುವ ಹಾಗೆ, ಇದ್ದರೆ ಒಂದು ಶೋಭೆ, ಇಲ್ಲದಿದ್ದರೆ ಏನೋ ಕೊರತೆ.

ಹಮೀದ್ ಸಾಹೇಬರಿಗೂ ಇದೇ ಹುಚ್ಚು. ನಾನು ಏನು ಮಾಡಿ ತೋರಿಸಿದರೂ ಅವರದು ಒಂದೇ ಪ್ರಶ್ನೆ: "ಪ್ರೂಫ್ ಎಂತ ಉಂಟು?"

"ಕೆಲಸ ಮಾಡ್ತದಲ್ಲ ಸಾಹೇಬ್ರೆ, ನೋಡಿ" ಎಂದರೆ,

"ಕೆಲಸ ಮಾಡುದು ಪ್ರೂಫ್ ಅಲ್ಲ ಮಾರಾಯ್ತಿ. ಗಲ್ಫಿನಲ್ಲಿ ಒಂದು ನೀರಿನ ಪೈಪ್ ಹಾಕ್ಲಿಕ್ಕೂ ಹಿಂದೆ ಮೂರು ರಿಸರ್ಚ್ ಪೇಪರ್ ಇರ್ತದೆ. ನಮ್ಮ ಹತ್ರ ಎಂತ ಉಂಟು? ಬರೇ ಬಾಯಿ" ಎನ್ನುವರು.

ಹಾಗಾಗಿ ಗಿರಾಕಿಗಳಿಗೆ ಕೊಡುವ ಕಾಗದದಲ್ಲಿ 'ಸಂಶೋಧನೆಯ ಪ್ರಕಾರ' ಎಂಬ ಒಂದು ಸಾಲು ಬರಲೇಬೇಕಿತ್ತು. ಪ್ರಬಂಧ ಹುಡುಕುವ ಕೆಲಸ ನನ್ನದು. ಹುಡುಕಿದರೆ ಸಿಗುತ್ತಿದ್ದದ್ದು ಸಾರಾಂಶ ಮಾತ್ರ, ಉಳಿದ ಪುಟಗಳಿಗೆ ಡಾಲರು ಕೇಳುತ್ತಿದ್ದರು. ಆ ಹತ್ತು ಸಾಲು ಓದಿ ಪೂರ್ತಿ ಓದಿದವಳ ಗತ್ತಿನಲ್ಲಿ ಬರೆಯುವುದನ್ನು ನಾನು ಬಲುಬೇಗ ಕಲಿತೆ. ಫೋರಂನಲ್ಲಿಯೂ ಹಾಗೆಯೇ ಉತ್ತರ ಬರೆಯತೊಡಗಿದೆ. ಮತ ಬೀಳತೊಡಗಿತು. ಬಸ್ಸಿನಲ್ಲಿ ನಿಂತುಕೊಂಡೇ ಫೋನು ತೆಗೆದು ಇವತ್ತು ಎಷ್ಟು ಮತ ಬಿತ್ತು ಎಂದು ನೋಡುವ ಚಟ ಹತ್ತಿತು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಗಿನ ಸಂತೋಷ ಸುಳ್ಳಲ್ಲ.

ನನ್ನ ತಲೆ ಮೊದಲು ಕೆಟ್ಟದ್ದು ಬೆಳ್ತಂಗಡಿ ಕಡೆಯ ಒಂದು ಶಾಲೆಯ ಲೈಬ್ರರಿಯಿಂದ. ನಾವು ಮಾಡಿಕೊಟ್ಟ ಸಾಫ್ಟ್‌ವೇರಿನಲ್ಲಿ ಒಂದು ಪುಸ್ತಕ ಹುಡುಕಲು ಒಂದು ನಿಮಿಷ ಬೇಕೆಂದು ದೂರು ಬಂತು. ಫೋರಂನಲ್ಲಿ ನೋಡಿದರೆ ಇದೇ ವಿಷಯಕ್ಕೆ ಇಬ್ಬರು ಜಗಳವಾಡುತ್ತಿದ್ದರು. ಒಬ್ಬರು ಒಂದು ಪ್ರಬಂಧ ತೋರಿಸಿ ಹೀಗೆ ಮಾಡಬೇಕು ಎಂದರೆ, ಇನ್ನೊಬ್ಬರು ಬೇರೆ ಪ್ರಬಂಧ ತೋರಿಸಿ ಹಾಗೆ ಮಾಡಲೇಬಾರದು ಎನ್ನುತ್ತಿದ್ದರು. ಎರಡನ್ನೂ ತೆರೆದು ನೋಡಿದೆ. ಎರಡನ್ನೂ ಬರೆದವರು ಒಬ್ಬರೇ! ನಡುವೆ ಕೆಲವು ವರ್ಷ ಕಳೆದಿತ್ತು, ಪಾಪ, ಅವರ ಅಭಿಪ್ರಾಯ ಬದಲಾಗಿತ್ತು. ಜಗಳವಾಡುವ ಇಬ್ಬರಿಗೂ ಅದು ಗೊತ್ತಿದ್ದ ಹಾಗಿರಲಿಲ್ಲ. ನಾನು ಮೊದಲನೆಯ ರೀತಿಯಲ್ಲಿ ಬರೆದು ನೋಡಿದೆ, ಎರಡನೆಯ ರೀತಿಯಲ್ಲಿ ಬರೆದು ನೋಡಿದೆ. ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ಎರಡೂ ಚಕಚಕನೆ ಓಡುತ್ತಿದ್ದವು. ಶಾಲೆಯಲ್ಲಿ ಮಾತ್ರ ಅದೇ ಒಂದು ನಿಮಿಷ.

ಕೊನೆಗೆ ಬಸ್ಸು ಹತ್ತಿ ಹೋದೆ. ಲೈಬ್ರರಿಯ ಟೀಚರು ಒಂದು ದೊಡ್ಡ ಅಟ್ಲಾಸನ್ನು ಕೀಬೋರ್ಡಿನ ಮೇಲ್ಗಡೆಗೆ ಒರಗಿಸಿ ಇಟ್ಟಿದ್ದರು. ಅದರ ಮೂಲೆ ಒಂದು ಕೀಲಿಯನ್ನು ಒತ್ತಿ ಹಿಡಿದಿತ್ತು. ಪರದೆಯ ಮೇಲೆ ಪುಟ ತೆರೆಯುವುದು, ಅಳಿಸಿಹೋಗುವುದು, ಮತ್ತೆ ತೆರೆಯುವುದು, ಹೀಗೆ ತನ್ನಷ್ಟಕ್ಕೆ ನಡೆಯುತ್ತಿತ್ತು. ಅಟ್ಲಾಸ್ ಎತ್ತಿ ಕಪಾಟಿನಲ್ಲಿಟ್ಟೆ. ಎಲ್ಲ ಸರಿಯಾಯಿತು.

"ಎಂತ ಮಾಡಿದ್ರಿ ಮೇಡಂ?" ಎಂದು ಟೀಚರು ಆಶ್ಚರ್ಯದಿಂದ ಕೇಳಿದರು. ಏನು ಹೇಳಲಿ? ಹಮೀದ್ ಸಾಹೇಬರಿಗೆ ಕೊಟ್ಟ ವರದಿಯಲ್ಲಿ ನಾನು ಎರಡನೆಯ ಪ್ರಬಂಧದ ಹೆಸರನ್ನೇ ಬರೆದೆ. ಅಟ್ಲಾಸಿಗೆ ಪ್ರೂಫ್ ಎಲ್ಲಿಂದ ತರುವುದು?

ಇದನ್ನು ನೆನೆದು ಎಷ್ಟೋ ಸಲ ನಕ್ಕಿದ್ದೇನೆ. ಮುಂದಿನದನ್ನು ನೆನೆದರೆ ನಗು ಬರುವುದಿಲ್ಲ.

ನಿವೃತ್ತಿಗೆ ಎರಡು ವರ್ಷ ಇರುವಾಗ ಬಂಟ್ವಾಳದ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ಕೆಲಸ ನಮಗೆ ಬಂತು. ಕಿಡ್ನಿ ಕೆಲಸ ಮಾಡದವರು ವಾರಕ್ಕೆ ಮೂರು ಸಲ ಬಂದು, ಅವರವರ ಸ್ಥಿತಿಗೆ ತಕ್ಕಂತೆ ಮೂರರಿಂದ ಐದು ಗಂಟೆ ಯಂತ್ರದ ಪಕ್ಕ ಮಲಗಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ಯಂತ್ರ ಇದ್ದದ್ದು ಐದು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬಂದು ವರಾಂಡದಲ್ಲಿ ತುಂಬಿಕೊಳ್ಳುತ್ತಿದ್ದರು. ಒಬ್ಬೊಬ್ಬರನ್ನೇ ಯಂತ್ರಕ್ಕೆ ಜೋಡಿಸಲು ಸಮಯ ಬೇಕು, ಉಳಿದವರು ಕಾಯಬೇಕು. ಈ ಕಾಯುವಿಕೆ ಕಡಿಮೆಯಾಗುವಂಥ ವೇಳಾಪಟ್ಟಿಯನ್ನು ಕಂಪ್ಯೂಟರೇ ಮಾಡಬೇಕು ಎಂಬುದು ಅವರ ಬೇಡಿಕೆ. ಜೊತೆಗೆ ಇನ್ನೊಂದು ನಿಯಮ. ಯಾರಾದರೂ ಸತತ ಮೂರು ಸಲ ಬಾರದಿದ್ದರೆ ಅವರ ಜಾಗ ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಹೋಗಬೇಕು. ಕಾಯುವವರ ಪಟ್ಟಿಯೂ ಉದ್ದವಿತ್ತು, ಅವರದೂ ಪ್ರಾಣವೇ. ನಿಯಮ ತಪ್ಪೆಂದು ಇವತ್ತಿಗೂ ಹೇಳಲಾರೆ.

ನಾನು ಮಾಮೂಲಿನಂತೆ ಫೋರಂಗೆ ಹೋದೆ. ನಮ್ಮದೇ ಥರದ ಪ್ರಶ್ನೆಗೆ ಒಂದು ಉತ್ತರ ಎಲ್ಲಕ್ಕಿಂತ ಮೇಲೆ ನಿಂತಿತ್ತು. ರಾಶಿ ಮತ. ಕಡಿಮೆ ಹೊತ್ತು ಬೇಕಾದವರನ್ನು ಮೊದಲು ಕರೆಯಿರಿ, ಹೆಚ್ಚು ಬೇಕಾದವರನ್ನು ದಿನದ ಕೊನೆಗೆ ಇಡಿ, ನಡುವೆ ಇಂತಿಷ್ಟು ಅಂತರ ಬಿಡಿ, ಕಾಯುವಿಕೆ ಇಳಿಯುತ್ತದೆ ಎಂದಿತ್ತು. ಕೆಳಗೆ ಸಂಶೋಧನಾ ಪ್ರಬಂಧದ ಕೊಂಡಿ. ನಾನು ಹಾಗೆಯೇ ಬರೆದೆ. ಓಡಿಸಿ ನೋಡಿದಾಗ ಕಂಪ್ಯೂಟರಿನ ಲೆಕ್ಕದಲ್ಲಿ ಕಾಯುವಿಕೆ ನಿಜಕ್ಕೂ ಇಳಿಯಿತು. ಹಮೀದ್ ಸಾಹೇಬರು ಖುಷಿಯಿಂದ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದರು. ಆಸ್ಪತ್ರೆಯ ಗೋಡೆಗೆ ಹಾಕಲು ಒಂದು ಬೋರ್ಡನ್ನೂ ಬರೆಸಿದರು: 'ಅಂತಾರಾಷ್ಟ್ರೀಯ ಸಂಶೋಧನೆಯ ಆಧಾರದಲ್ಲಿ ತಯಾರಿಸಿದ ವೇಳಾಪಟ್ಟಿ. ದಯವಿಟ್ಟು ಸಹಕರಿಸಿ.'

ಪಟ್ಟಿ ಜಾರಿಗೆ ಬಂದ ವಾರವೇ, ಶುಕ್ರವಾರ ಬೆಳಿಗ್ಗೆ, ಡಯಾಲಿಸಿಸ್ ವಿಭಾಗದ ನರ್ಸ್ ಜೆಸಿಂತಾ ಫೋನು ಮಾಡಿದರು.

"ಮೇಡಂ, ಮುಂಡಾಜೆಯ ಗಿರಿಜಕ್ಕ ಅಂತ ಒಬ್ರು ಇದ್ದಾರೆ. ಮಂಗಳವಾರ ಬರ್ಲಿಲ್ಲ, ನಿನ್ನೆಯೂ ಬರ್ಲಿಲ್ಲ. ಫೋನ್ ತೆಗೀತಾ ಇಲ್ಲ. ನಾಳೆ ಬರದಿದ್ರೆ ನಿಮ್ಮ ಕಂಪ್ಯೂಟರ್ ಅವರ ಹೆಸರು ತೆಗೀತದೆ. ನಾಲ್ಕು ವರ್ಷದಿಂದ ಒಂದು ದಿನ ತಪ್ಪಿಸಿದವರಲ್ಲ ಅವ್ರು. ನನಗೆ ಎಂತದೋ ಹೆದ್ರಿಕೆ ಆಗ್ತಾ ಉಂಟು."

"ನೀವು ಅವರ ಹೆಸರು ಉಳಿಸ್ಲಿಕ್ಕೆ ಆಗುದಿಲ್ವಾ ಸಿಸ್ಟರ್?"

"ಹೆಸರು ಉಳಿಸ್ಬಹುದು ಮೇಡಂ. ಆರು ದಿನ ಆಯ್ತು ಡಯಾಲಿಸಿಸ್ ಇಲ್ಲದೆ. ಮನುಷ್ಯ ಉಳೀಬೇಕಲ್ಲ."

ಯಾಕೆ ಹೊರಟೆನೋ ಆಗ ಗೊತ್ತಿರಲಿಲ್ಲ. ಸಾಫ್ಟ್‌ವೇರ್ ಬರೆಯುವವಳು ರೋಗಿಯ ಮನೆಗೆ ಹೋಗುವ ಕ್ರಮವಿಲ್ಲ. ವಿಳಾಸ ಬರೆದುಕೊಂಡು ಚಾರ್ಮಾಡಿಯ ಬಸ್ಸು ಹತ್ತಿದೆ. ಬೆಳ್ತಂಗಡಿ ದಾಟುವವರೆಗೂ ಮನಸ್ಸಿನಲ್ಲಿ, ಅವರು ನೆಂಟರ ಮನೆಗೆ ಹೋಗಿರಬಹುದು, ಫೋನು ಕೆಟ್ಟಿರಬಹುದು ಎಂದು ಹೇಳಿಕೊಳ್ಳುತ್ತಾ ಇದ್ದೆ.

ಮುಂಡಾಜೆಯಲ್ಲಿ ಇಳಿದು ದಾರಿ ಕೇಳಿದ್ದು ಒಬ್ಬ ಜೀಪಿನ ಡ್ರೈವರನಲ್ಲಿ. ಹೆಸರು ಉಮ್ಮರ್, ಐವತ್ತರ ಆಸುಪಾಸು. ಗಿರಿಜಕ್ಕನ ಹೆಸರು ಕೇಳಿದ ಕೂಡಲೆ, "ನೀವು ಆಸ್ಪತ್ರೆಯಿಂದವಾ?" ಎಂದ. ಆ ಪಟ್ಟಿ ಮಾಡಿದ್ದು ನಾನೇ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂತ ಮೇಡಂ, ನಿಮ್ಮ ಕಂಪ್ಯೂಟರಿಗೆ ಜೀಪು ಕಾಣುದಿಲ್ವಾ?"

ನನಗೆ ತಲೆಬುಡ ತಿಳಿಯಲಿಲ್ಲ. ದಾರಿಯುದ್ದಕ್ಕೂ ಅವನೇ ಬಿಡಿಸಿ ಹೇಳಿದ. ಬೆಳ್ತಂಗಡಿಯಲ್ಲಿ ಜಾಗ ಸಿಗದೆ ಬಂಟ್ವಾಳಕ್ಕೆ ಹೋಗುವ ನಾಲ್ವರು ರೋಗಿಗಳು ಆ ಭಾಗದಲ್ಲಿದ್ದರು. ನಾಲ್ವರಿಗೂ ಸೇರಿ ಉಮ್ಮರನ ಒಂದು ಜೀಪು. ಬೆಳಿಗ್ಗೆ ಐದಕ್ಕೆ ಹೊರಟು, ಎಲ್ಲರನ್ನೂ ಮನೆ ಬಾಗಿಲಿನಿಂದ ಹತ್ತಿಸಿಕೊಂಡು, ಮಧ್ಯಾಹ್ನ ವಾಪಸ್ಸು ಮನೆ ಬಾಗಿಲಿಗೆ ಬಿಡುವುದು. ನಾಲ್ಕು ವರ್ಷದಿಂದ ನಡೆದು ಬಂದ ಕ್ರಮ. ನನ್ನ ಪಟ್ಟಿ ಅವರಲ್ಲಿ ಇಬ್ಬರನ್ನು ಬೆಳಿಗ್ಗೆ ಏಳಕ್ಕೆ, ಒಬ್ಬರನ್ನು ಹನ್ನೊಂದಕ್ಕೆ ಹಾಕಿತ್ತು. ಗಿರಿಜಕ್ಕನಿಗೆ ಹೆಚ್ಚು ಹೊತ್ತು ಬೇಕಾದ ಕಾರಣ ಅವರನ್ನು ಕೊನೆಗೆ, ಮಧ್ಯಾಹ್ನ ಮೂರಕ್ಕೆ.

"ಹನ್ನೊಂದರವ್ರು ಹೇಗೋ ಏಳಕ್ಕೇ ಬಂದು ಕೂತ್ಕೊಳ್ತಾರೆ. ಗಿರಿಜಕ್ಕ ಮೂರಕ್ಕೆ ಮೆಷಿನಿಗೆ ಹತ್ತಿ ಎಂಟಕ್ಕೆ ಇಳಿದ್ರೆ ನಾನು ಇವರನ್ನೆಲ್ಲ ಅಷ್ಟು ಹೊತ್ತು ಎಲ್ಲಿ ಕೂರಿಸ್ಲಿ? ಅವ್ರಿಗೂ ಸುಸ್ತು. ನನಗೆ ಮಧ್ಯಾಹ್ನ ಮೇಲೆ ಶಾಲೆ ಮಕ್ಕಳ ಬಾಡಿಗೆ ಉಂಟು. ಮತ್ತೆ ಬಸ್ಸಿಗೆ ಬನ್ನಿ ಅಂದ್ರೆ, ಗಿರಿಜಕ್ಕನಿಗೆ ರಸ್ತೆವರೆಗೆ ನಡೀಲಿಕ್ಕೇ ಆಗುದಿಲ್ಲ. ನಾನೇ ಕೈ ಹಿಡಿದು ಹತ್ತಿಸುದು."

ಗಿರಿಜಕ್ಕ ಜಗಲಿಯ ಕುರ್ಚಿಯಲ್ಲಿ ಕುಳಿತಿದ್ದರು. ಹೊಲಿಗೆ ಕೆಲಸದವರು, ಎದುರಿನ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ರವಿಕೆ ಹಾಗೇ ಇತ್ತು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತದೆಂದು ಎರಡು ದಿನದಿಂದ ಕುಳಿತೇ ಇದ್ದರಂತೆ. ಕಾಲು, ಮುಖ ಎಲ್ಲ ಊದಿತ್ತು. ಪಕ್ಕದಲ್ಲಿ ತಂಗಿ ನಿಂತಿದ್ದಳು.

"ನೀವು ಆಸ್ಪತ್ರೆಗೆ ಒಂದು ಮಾತು ಹೇಳಬಹುದಿತ್ತಲ್ಲ?" ಎಂದೆ. ನನ್ನ ದನಿ ನನಗೇ ಬೈದ ಹಾಗೆ ಕೇಳಿಸಿತು.

ಅವರು ಉಸಿರು ಎಳೆದೆಳೆದು ಹೇಳಿದರು. "ಹೇಳುವ ಅಂತಲೇ ಇದ್ದೆ. ಹೋದ ಶನಿವಾರ ಬೋರ್ಡ್ ನೋಡಿದೆ. ದೊಡ್ಡ ದೊಡ್ಡವರು ರಿಸರ್ಚ್ ಮಾಡಿ ಹಾಕಿದ ಟೈಮ್ ಅಂತೆ. ಅದ್ರ ಎದುರು ನಾನು ಎಂತ ಹೇಳುದು? ನಮ್ಮಿಂದಾಗಿ ಯಾಕೆ ತೊಂದ್ರೆ ಅಂತ ಫೋನೂ ತೆಗೀಲಿಲ್ಲ..."

ಅಲ್ಲಿ ನಿಂತುಕೊಂಡು ನನಗೆ ಅಳು ಬಂತು. ಫೋರಂನಲ್ಲಿ ಒಂದು ಕೊಂಡಿ ಹಾಕಿದರೆ ಎದುರಿನವರ ಬಾಯಿ ಮುಚ್ಚುತ್ತದೆ ಎಂದು ಖುಷಿಪಟ್ಟವಳು ನಾನು. ಬಾಯಿ ಮುಚ್ಚಿದವರನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು.

"ಅತ್ತರೆ ಆಗ್ಲಿಕ್ಕಿಲ್ಲ ಮೇಡಂ, ಈಗಲೇ ಹೊರಡುವ" ಎಂದ ಉಮ್ಮರ್. ಅವನೂ ತಂಗಿಯೂ ಸೇರಿ ಗಿರಿಜಕ್ಕನನ್ನು ಕುರ್ಚಿ ಸಮೇತ ಎತ್ತಿ ಜೀಪಿನವರೆಗೆ ತಂದರು. ನಾನು ಜೆಸಿಂತಾ ಸಿಸ್ಟರಿಗೆ ಫೋನು ಮಾಡಿದೆ. "ಕಂಪ್ಯೂಟರ್ ಬಿಡಿ ಸಿಸ್ಟರ್. ಒಂದು ಯಂತ್ರ ಖಾಲಿ ಇಡಿ" ಎಂದೆ. ಮುಂಡಾಜೆಯಿಂದ ಬಂಟ್ವಾಳದವರೆಗೆ ಗಿರಿಜಕ್ಕ ನನ್ನ ಭುಜಕ್ಕೆ ಒರಗಿದ್ದರು. ಅವರ ಒಂದೊಂದು ಉಸಿರನ್ನೂ ಎಣಿಸುತ್ತಾ ಕುಳಿತಿದ್ದೆ. ಉಮ್ಮರ್ ಶಾಲೆಯ ಬಾಡಿಗೆಗೆ ಬೇರೆ ಯಾರಿಗೋ ಹೇಳಿ ಗಾಡಿ ಓಡಿಸುತ್ತಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಸಿಸ್ಟರ್ ತಳ್ಳುಕುರ್ಚಿ ಹಿಡಿದು ನಿಂತಿದ್ದರು. ಸಂಜೆಯ ಹೊತ್ತಿಗೆ ಗಿರಿಜಕ್ಕ ಮಲಗಿಕೊಂಡು ಉಸಿರಾಡಿದರು. ಅವರ ಹೆಸರೂ ಉಳಿಯಿತು, ಅವರೂ ಉಳಿದರು.

ಮರುದಿನ ನನ್ನ ಅಳು ಸಿಟ್ಟಾಗಿತ್ತು. ಯಾವ ದೇಶದಲ್ಲಿಯೋ ಕುಳಿತು ಪ್ರಬಂಧ ಬರೆದವರಿಗೆ ಮುಂಡಾಜೆಯ ಜೀಪು ಹೇಗೆ ಗೊತ್ತಿರುತ್ತದೆ, ಇಂಥವರ ಮಾತು ನಂಬಿದ್ದೇ ತಪ್ಪು ಎಂದು ಅವರನ್ನು ಬೈದುಕೊಂಡೆ. ಮೂಡಬಿದಿರೆಯಲ್ಲಿ ಪರಿಚಯದ ಒಬ್ಬರು ಎಂಜಿನಿಯರಿಂಗ್ ಪ್ರೊಫೆಸರ್ ಇದ್ದರು, ಭಟ್ಟರು. ಅವರ ಮನೆಗೆ ಹೋಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಅವರು ಸಮಾಧಾನದಿಂದ ಕೇಳಿ, ತಮ್ಮ ಲೈಬ್ರರಿಯ ಮೂಲಕ ಆ ಪ್ರಬಂಧವನ್ನು ಪೂರ್ತಿ ತೆಗೆದುಕೊಟ್ಟರು.

"ಮೊದಲು ಕೊನೆಯ ಪುಟ ಓದಿ" ಎಂದರು.

ಓದಿದೆ. ತಮ್ಮ ವಿಧಾನ ಎಲ್ಲೆಲ್ಲಿ ಸಲ್ಲುವುದಿಲ್ಲ ಎಂದು ಬರೆದವರೇ ಅಲ್ಲಿ ಹೇಳಿಕೊಂಡಿದ್ದರು. ಪ್ರತಿ ರೋಗಿಯೂ ತನ್ನಷ್ಟಕ್ಕೆ ಬಂದು ಹೋಗುತ್ತಾನೆ ಎಂದು ಭಾವಿಸಿ ಲೆಕ್ಕ ಮಾಡಿದ್ದೇವೆ, ಹಲವರು ಒಂದೇ ವಾಹನವನ್ನು ನೆಚ್ಚಿಕೊಂಡಿರುವ ಕಡೆ ಇದನ್ನು ಬಳಸುವ ಮುನ್ನ ವಿಚಾರಿಸಬೇಕು ಎಂಬ ಅರ್ಥದ ಎರಡು ಸಾಲು. ನಾನು ಮತ್ತೆ ಮತ್ತೆ ಓದಿದೆ. ಮುಂಡಾಜೆಯ ಜೀಪು ಅವರಿಗೆ ಗೊತ್ತಿತ್ತು.

"ಇಷ್ಟು ಮುಖ್ಯವಾದ್ದನ್ನು ಕೊನೆಗೆ ಯಾಕೆ ಹಾಕ್ತೀರಿ ಸಾರ್?"

"ಅದು ಕ್ರಮ" ಎಂದರು ಭಟ್ಟರು. "ನಿಜ ಹೇಳ್ಬೇಕಾದ್ರೆ, ನಾವು ಬರೆಯುದನ್ನು ನಿಮ್ಮಂಥವರು ಓದ್ತೀರಿ ಅಂತಲೇ ನನಗೆ ಗೊತ್ತಿರ್ಲಿಲ್ಲ. ನೀವು ಆ ಫೋರಂನವರನ್ನು ಕೇಳುವ ಬದಲು ನಮ್ಮನ್ನೇ ಕೇಳಬಹುದಲ್ಲ?" ಎಂದರು.

"ನಾನು ಇಪ್ಪತ್ತೇಳು ವರ್ಷದಿಂದ ನಿಮ್ಮ ಕಾಲೇಜಿನ ಗೇಟಿನ ಮುಂದೆಯೇ ಬಸ್ಸಿನಲ್ಲಿ ಹೋಗ್ತಾ ಇದ್ದೇನೆ ಸಾರ್. ಒಳಗೆ ಬಂದು ಕೇಳಬಹುದು ಅಂತ ಯಾರೂ ಹೇಳ್ಲಿಲ್ಲ" ಎಂದೆ. ಅವರ ಹೆಂಡತಿ ಚಹಾ ತಂದಿಟ್ಟರು.

ಪ್ರಬಂಧ ಬರೆದವರ ತಪ್ಪಿಲ್ಲ ಎಂದಾದ ಮೇಲೆ ಸಿಟ್ಟು ಫೋರಂನಲ್ಲಿ ಆ ಉತ್ತರ ಬರೆದವರ ಕಡೆಗೆ ತಿರುಗಿತು. ನೇರವಾಗಿ ಕೇಳಿದೆ: ನೀವು ಕೊನೆಯ ಪುಟ ಓದಿದ್ದೀರಾ? ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದಾಗ ಉತ್ತರ ಬಂದಿತ್ತು. ಮರ್ಯಾದಸ್ಥರೇ. ತಾನು ಪ್ರಬಂಧ ಓದಿಲ್ಲ, ಅದೇ ಫೋರಂನ ಇನ್ನೊಂದು ಉತ್ತರದಿಂದ ತೆಗೆದುಕೊಂಡದ್ದು ಎಂದು ಅದರ ಕೊಂಡಿ ಕೊಟ್ಟಿದ್ದರು. ಅಲ್ಲಿಗೆ ಹೋದೆ. ಅಲ್ಲಿಯೂ, ಇದನ್ನು ಮೊದಲು ಹೇಳಿದವರು ಇವರು ಎಂದು ಮತ್ತೊಂದು ಕೊಂಡಿ. ಒತ್ತಿದೆ.

ಎಂಟು ವರ್ಷ ಹಳೆಯ ಉತ್ತರ. ಯಾರೋ ಕ್ಲಿನಿಕ್ಕಿನ ಟೋಕನ್ ಬಗ್ಗೆ ಕೇಳಿದ್ದಕ್ಕೆ ಐದು ಸಾಲು. 'ಸಂಶೋಧನೆ ಇದನ್ನು ಈಗಾಗಲೇ ಸಾಬೀತು ಮಾಡಿದೆ, ಮತ್ತೆ ಚರ್ಚೆಯ ಅಗತ್ಯವಿಲ್ಲ' ಎಂದು ಗತ್ತಿನಿಂದ ಶುರುವಾಗಿತ್ತು. ಎಂಥ ಅಹಂಕಾರದ ಮನುಷ್ಯ ಎಂದುಕೊಂಡು ಕೆಳಗೆ ಹೆಸರು ನೋಡಿದೆ. ಶಿರ್ತಾಡಿ.

ಬರೆದದ್ದೇ ಮರೆತುಹೋಗಿತ್ತು. ಸಾರಾಂಶದ ಹತ್ತು ಸಾಲು ಓದಿ, ಬಸ್ಸಿನಲ್ಲೋ ಊಟದ ಹೊತ್ತಿನಲ್ಲೋ ಗೀಚಿದ್ದಿರಬೇಕು. ಅದು ಲೋಕವೆಲ್ಲ ಸುತ್ತಿ, ಮತ ಗಳಿಸಿ, ಬೇರೆಯವರ ಹೆಸರು ಹೊತ್ತು, ನನ್ನ ಮೇಜಿಗೇ ಬಂದಿತ್ತು. ನಾನು ಅದಕ್ಕೆ ಕೈ ಮುಗಿದು ಒಳಗೆ ಕರೆದುಕೊಂಡಿದ್ದೆ. ಆ ಹೊತ್ತಿನಲ್ಲಿ ನನಗಾದದ್ದು ನಾಚಿಕೆಯೋ ಹೆದರಿಕೆಯೋ ಈಗಲೂ ಬಿಡಿಸಿ ಹೇಳಲಾರೆ. ಯಾರನ್ನು ಬೈಯುವುದೆಂದು ತಿಳಿಯದೆ ಕಂಪ್ಯೂಟರ್ ಆರಿಸಿ, ಕೆಳಗಿನ ಬಟ್ಟೆ ಅಂಗಡಿಗೆ ಹೋಗಿ ಬೇಡದ ಒಂದು ಟವೆಲ್ಲು ತಗೊಂಡು ಬಂದೆ.

ಅಂದೇ ಮಧ್ಯಾಹ್ನ ಹಮೀದ್ ಸಾಹೇಬರ ಮುಂದೆ ಎಲ್ಲವನ್ನೂ ಹೇಳಿದೆ. ಪಟ್ಟಿಯನ್ನು ಬದಲಿಸಬೇಕು, ರೋಗಿಗಳ ಅರ್ಜಿಯಲ್ಲಿ 'ಯಾರ ಜೊತೆಗೆ ಬರುತ್ತೀರಿ?' ಎಂಬ ಒಂದು ಖಾಲಿ ಜಾಗ ಸೇರಿಸಬೇಕು, ಒಂದೇ ಗಾಡಿಯವರಿಗೆ ಒಂದೇ ಹೊತ್ತು ಕೊಡಬೇಕು ಎಂದೆ. ಅಭ್ಯಾಸಬಲದಿಂದ ಅವರ ಬಾಯಿಗೆ ಅದೇ ಬಂತು. "ಪ್ರೂಫ್ ಎಂ..."

ಅರ್ಧಕ್ಕೇ ನಿಲ್ಲಿಸಿದರು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ಆ ಬೋರ್ಡ್ ಬರೆಸಿದ್ದು ನಾನಲ್ವಾ ಸುಜಾತ" ಎಂದರು. ಆಮೇಲೆ ತಾವೇ ಸ್ಕೂಟರಿನಲ್ಲಿ ಆಸ್ಪತ್ರೆಗೆ ಹೋಗಿ ಅದನ್ನು ಕಳಚಿ ತಂದರು. ಹಿಂದುಮುಂದಾಗಿ ಅದು ನಮ್ಮ ಆಫೀಸಿನ ಮೆಟ್ಟಿಲಡಿಯಲ್ಲಿ ಬಹಳ ಕಾಲ ಇತ್ತು. ಹೊಸ ಪಟ್ಟಿಯಲ್ಲಿ ಕಾಯುವಿಕೆ ಮೊದಲಿನಷ್ಟೇ ಆಯಿತು. ಒಂದು ದೂರೂ ಬರಲಿಲ್ಲ. ವರಾಂಡದಲ್ಲಿ ಜೀಪಿನ ನಾಲ್ವರು ಕುಳಿತು ಮಾತಾಡುವುದು, ಗಿರಿಜಕ್ಕ ಗುಂಡಿ ಕಿತ್ತುಹೋದ ಅಂಗಿಗಳಿಗೆ ಗುಂಡಿ ಹೊಲಿದುಕೊಡುವುದು ನಡೆಯುತ್ತಿತ್ತು. ಹಾಗಾದರೆ ನಾವು ಇಳಿಸಲು ಹೊರಟದ್ದು ಏನನ್ನು? ಇದೂ ನನಗೆ ಸರಿಯಾಗಿ ಅರ್ಥವಾಗಿಲ್ಲ.

ಫೋರಂನ ನನ್ನ ಹಳೆಯ ಉತ್ತರವನ್ನು ತಿದ್ದಿದೆ. ಸಾಬೀತಾಗಿದೆ ಎಂಬ ಸಾಲನ್ನು ಅಳಿಸಿ, ನಾನು ಆಗ ಪ್ರಬಂಧ ಪೂರ್ತಿ ಓದಿರಲಿಲ್ಲ ಎಂದು ಬರೆದು, ಕೊನೆಯ ಪುಟದ ಮಾತನ್ನೂ ಮುಂಡಾಜೆಯ ಜೀಪಿನ ಕಥೆಯನ್ನೂ ಸೇರಿಸಿದೆ. ಎರಡು ದಿನದಲ್ಲಿ ಮತಗಳು ಇಳಿಯತೊಡಗಿದವು. 'ಇದು ಒಬ್ಬರ ಅನುಭವ ಅಷ್ಟೆ, ಪುರಾವೆ ಎಲ್ಲಿ?' ಎಂದು ಒಬ್ಬರು. ಅದೇ ಪ್ರಬಂಧದ ಕೊನೆಯ ಪುಟ ನೋಡಿ ಎಂದೆ. 'ಆ ಕೊಂಡಿ ದುಡ್ಡು ಕೇಳುತ್ತದೆ, ತೆರೆಯಲಾಗುವುದಿಲ್ಲ' ಎಂದು ಇನ್ನೊಬ್ಬರು. ಓದದೆ ಬರೆದಾಗ ಮತ ಹಾಕಿದವರು ಓದಿ ಬರೆದಾಗ ಕಿತ್ತುಕೊಂಡರು. ಈಗಿನವರು ಫೋರಂ ಬಿಟ್ಟು ಚಾಟ್‌ಬಾಟನ್ನು ಕೇಳುತ್ತಾರಲ್ಲ, ನಿವೃತ್ತಿಯ ವಾರ ನಾನೂ ಅದನ್ನು ಕೇಳಿ ನೋಡಿದೆ. ಕಡಿಮೆ ಹೊತ್ತಿನವರನ್ನು ಮೊದಲು ಕರೆಯಿರಿ, ಸಂಶೋಧನೆ ಇದನ್ನು ಸಾಬೀತು ಮಾಡಿದೆ ಎಂದು ಅದು ನನ್ನ ಅಳಿಸಿದ ಮಾತನ್ನೇ ನನಗಿಂತ ಚೆಂದದ ಭಾಷೆಯಲ್ಲಿ ಹೇಳಿತು. ಅದನ್ನು ತಿದ್ದಲು ಎಲ್ಲಿಗೆ ಹೋಗಬೇಕೆಂದೇ ನನಗೆ ಗೊತ್ತಾಗಲಿಲ್ಲ.

ಮಕ್ಕಳೇ, ಇಷ್ಟರಿಂದ ನೀವು ಪ್ರಬಂಧಗಳನ್ನು ಓದಬೇಡಿ ಎಂದುಕೊಂಡರೆ ನಾನು ಕೆಟ್ಟೆ. ನಾನು ಓದಿದ್ದರೆ ಗಿರಿಜಕ್ಕ ಆರು ದಿನ ಡಯಾಲಿಸಿಸ್ ಇಲ್ಲದೆ ಕೂರಬೇಕಿರಲಿಲ್ಲ. ಫೋರಂಗೆ ಹೋಗಬೇಡಿ ಎಂದೂ ಅಲ್ಲ, ಅದಿಲ್ಲದಿದ್ದರೆ ನನಗೆ ಅನ್ನವಿರಲಿಲ್ಲ. ಹಾಗಾದರೆ ಏನು ಎಂದು ಕೇಳಿದರೆ, ನಡೆದದ್ದು ಇನ್ನೊಂದಿದೆ, ಅದನ್ನು ಹೇಳಿ ಬಿಡುತ್ತೇನೆ.

ನಿವೃತ್ತಳಾಗಿ ಮೂರು ತಿಂಗಳ ಮೇಲೆ 'ಶಿರ್ತಾಡಿ' ಹೆಸರಿಗೆ ಒಂದು ಸಂದೇಶ ಬಂತು. ಯಾವುದೋ ದ್ವೀಪಗಳ ದೇಶದಲ್ಲಿ ಆಸ್ಪತ್ರೆಯ ಸಾಫ್ಟ್‌ವೇರ್ ಬರೆಯುವವರು. ಅವರಲ್ಲಿ ಐದು ಜನ ಡಯಾಲಿಸಿಸ್ ರೋಗಿಗಳು ಒಂದೇ ದೋಣಿಯಲ್ಲಿ ಬರುತ್ತಾರಂತೆ. ನಾಳೆಯಿಂದ ಹೊಸ ಪಟ್ಟಿ ಹಾಕುವುದಿತ್ತು, ನಿಮ್ಮ ಜೀಪಿನ ವಿಷಯ ಓದಿ ನಿಲ್ಲಿಸಿದೆ, ಐವರನ್ನೂ ಒಟ್ಟಿಗೇ ಇಟ್ಟರೆ ಸರಿಯಲ್ಲವೇ, ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದು ಬರೆದಿದ್ದರು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಮತ್ತೊಬ್ಬರು ನನ್ನ ಮಾತನ್ನು ಕಣ್ಣುಮುಚ್ಚಿ ನಂಬಲು ಹೊರಟಿದ್ದರು. ಆ ದೋಣಿ, ಆ ನೀರು, ಅಲ್ಲಿಯ ಹೊತ್ತುಗೊತ್ತು ನನಗೇನು ಗೊತ್ತು? ನಾನು ಬರೆದದ್ದು ಇಷ್ಟೆ: 'ನನ್ನನ್ನು ನಂಬಬೇಡಿ. ಪಟ್ಟಿ ಹಾಕುವ ಮೊದಲು ದೋಣಿ ನಡೆಸುವವರನ್ನು ಹೋಗಿ ಕೇಳಿ.'

ನಾಲ್ಕು ದಿನ ಸುದ್ದಿ ಇಲ್ಲ. ಐದನೆಯ ದಿನ ಬಂತು. ದೋಣಿಯವನನ್ನು ಕೇಳಿದರಂತೆ. ಅವನು ಬೆರಳು ಮಡಚಿ ಎಣಿಸಿ, ಐದಲ್ಲ, ಆರು ಜನ ಎಂದನಂತೆ. ಆರನೆಯವರು ಒಬ್ಬ ಮುದುಕರು, ಹೋದ ವಾರದಿಂದ ದೋಣಿ ಹತ್ತುವ ಕಡವಿಗೆ ಬಂದಿಲ್ಲ, ಆಸ್ಪತ್ರೆಯವರೇ ಬೇಡವೆಂದರೇನೋ ಎಂದು ತಾನು ಸುಮ್ಮನಿದ್ದೆ ಎಂದನಂತೆ. ಅಲ್ಲಿಯೂ ಮೂರು ಸಲ ಬಾರದವರನ್ನು ತೆಗೆಯುವ ನಿಯಮವಿತ್ತಂತೆ, ಕಂಪ್ಯೂಟರಿನ ಪಟ್ಟಿಯಿಂದ ಅವರ ಹೆಸರು ಆಗಲೇ ಹೋಗಿತ್ತು.

ಸಂದೇಶದ ಕೊನೆಯಲ್ಲಿ ಒಂದು ಸಾಲಿತ್ತು: ದೋಣಿ ಅವರನ್ನು ಕರೆತರಲು ಈಗಷ್ಟೇ ಹೊರಟಿದೆ, ನಾನೂ ಅದರಲ್ಲಿದ್ದೇನೆ.